ಹಸಿರು ಅಕ್ಷರದ ನಂಬರ್ ಪ್ಲೇಟ್

ಮಾರ್ಚ್ 4, ಸೋಮವಾರ

ಲೂಬೊಶ್ ಹೋಗಿ ಇವತ್ತಿಗೆ ನೂರ ಮೂವತ್ತೊಂದು ದಿನ. ವಿಚ್ಛೇದನದ ಕಾಗದ ಬಂತು. ಸಹಿ ಹಾಕಿಸಿಕೊಳ್ಳುವಾಗ ಅಂಚೆಯವಳು ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದಳು. ಊರಿಗೆಲ್ಲ ಗೊತ್ತಾಗಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಯಾರಿಗೂ ಹೊಸದಾಗಿ ಹೇಳುವ ಕೆಲಸವಿಲ್ಲ.

ಹದಿನೆಂಟು ವರ್ಷವನ್ನು ಎರಡು ಪುಟದಲ್ಲಿ ಹಂಚಿದ್ದಾರೆ. ಕಾರು, ಕಾಫಿ ಯಂತ್ರ, ಉದ್ದನೆಯ ಏಣಿ ಅವನಿಗೆ. ಮನೆ ನನಗೆ. ಅದು ಹೇಗೂ ನನ್ನ ಅಮ್ಮನದು. ಜೊತೆಗೆ 'ಕೊಟ್ಟಿಗೆ ಮತ್ತು ಅದರೊಳಗಿರುವ ಸಮಸ್ತ ವಸ್ತುಗಳು'. ಕಾರು ಹೋದದ್ದಕ್ಕಿಂತ ಏಣಿ ಹೋದದ್ದಕ್ಕೆ ಹೊಟ್ಟೆ ಉರಿಯಿತು. ಅವನು ಈಗ ಸೇರಿಕೊಂಡಿರುವ, ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟಿರುವ ಇವೆತಾಳ ಮನೆ ಮೂರನೇ ಮಹಡಿಯಲ್ಲಿದೆ. ಅಲ್ಲಿ ಏಣಿ ಇಟ್ಟುಕೊಂಡು ಲೂಬೊಶ್ ಏನು ಮಾಡುತ್ತಾನೆ?

ಶಾಲೆಯ ಅಡುಗೆಮನೆಯಲ್ಲಿ ಇವತ್ತು ಸಬ್ಬಸಿಗೆ ಸಾಸ್. ಇನ್ನೂರ ಹತ್ತು ಮಕ್ಕಳೂ ಮುಖ ಕಿವುಚಿದರು. ಬಡಿಸುತ್ತಿದ್ದ ನಾನೂ ಕಿವುಚಿಕೊಂಡೇ ಇದ್ದೆನಂತೆ. ಬರೆದರೆ ಹಗುರಾಗುತ್ತದೆ ಎಂದು ಶಾಲೆಯ ನರ್ಸ್ ಈ ನೋಟ್‌ಬುಕ್ ಕೊಟ್ಟಳು. ಬರೆದಿದ್ದೇನೆ. ಹಗುರಾಗಿಲ್ಲ.

ಮಾರ್ಚ್ 9, ಶನಿವಾರ

136.

'ಸಮಸ್ತ ವಸ್ತುಗಳು' ಏನೇನು ಎಂದು ನೋಡಲು ಕೊಟ್ಟಿಗೆಗೆ ಹೋದೆ. ಒಡೆದ ಬಕೆಟ್ಟು, ಹಿಮದ ಮೇಲೆ ಜಾರುವ ಮೂರು ಕೋಲು (ನಾಲ್ಕನೆಯದು ಎಲ್ಲಿ?), ಮತ್ತೆ ಆ ಮೋಟರ್‌ಸೈಕಲ್. ಹನ್ನೆರಡು ವರ್ಷದ ಹಿಂದೆ ಮುಚ್ಚಿಹೋದ ಸಹಕಾರಿ ಫಾರಂನಿಂದ ಲೂಬೊಶ್ ಎರಡು ಬಾಟಲಿ ಪ್ಲಮ್ ಸಾರಾಯಿಗೆ ಎಳೆದು ತಂದ ಜಾವಾ. ಬಲಗಡೆಗೆ ಸೈಡ್‌ಕಾರ್ ಅಂಟಿಕೊಂಡಿದೆ. ಸೈಡ್‌ಕಾರ್ ಎಂದರೆ ಅದಕ್ಕೆ ಹೆಚ್ಚಾಯಿತು. ಉದ್ದಕ್ಕೆ, ತಗಡಿನ ಸ್ನಾನದ ತೊಟ್ಟಿಯ ಹಾಗಿದೆ. ಯಾರೋ ಗೋಡೆಗೆ ಹಚ್ಚುವ ನೀಲಿ ಬಣ್ಣವನ್ನು ಬ್ರಷ್ಷಿನಲ್ಲಿ ಬಳಿದಿದ್ದಾರೆ. ಫಾರಂನಲ್ಲಿ ಕೋಳಿಗಳು ಇದರೊಳಗೆ ಮೊಟ್ಟೆ ಇಡುತ್ತಿದ್ದವಂತೆ. ಹುಲ್ಲು ಇನ್ನೂ ಇತ್ತು. 'ಮುಂದಿನ ಬೇಸಿಗೆಗೆ ರೆಡಿ ಮಾಡ್ತೀನಿ' ಎಂದು ಲೂಬೊಶ್ ಹನ್ನೆರಡು ಬೇಸಿಗೆ ಹೇಳಿದ.

ಬೇಲಿಯ ಆಚೆಯಿಂದ ಅಲೋಯಿಸ್ ಮಾಮನ ಟೋಪಿ ಕಂಡಿತು. ಮಾಮನಿಗೆ ಎಪ್ಪತ್ತಾರು. ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಹೆಂಡತಿ ತೀರಿಕೊಂಡಮೇಲೆ ಬೇಲಿಯೇ ಅವರ ಟಿವಿ.

"ಏನ್ ಮಾಡ್ತಿದೀಯಾ, ವ್ಲಾಸ್ತಾ?"

"ಗುಜರಿಯವನಿಗೆ ಫೋನ್ ಮಾಡ್ತಿದೀನಿ, ಮಾಮ."

"ಮಾಡು ಮಾಡು. ಹಾಗೇ ಚರ್ಚಿನ ಗಂಟೇನೂ ಇಳಿಸಿ ಕೊಟ್ಬಿಡು. ಅದೂ ಒಳ್ಳೆ ತೂಕ ಬರುತ್ತೆ."

ಬಾಗಿಲಿನಿಂದ ಬರುವ ತಾಳ್ಮೆಯಿಲ್ಲದೆ ಬೇಲಿ ದಾಟಿಯೇ ಬಂದರು. ಮೊಣಕಾಲೂರಿ ಕೂತು, ಚೌಕಟ್ಟಿನ ಮೇಲಿನ ನಂಬರನ್ನು ಕೋಟಿನ ತೋಳಿನಿಂದ ಉಜ್ಜಿ ಓದಿದರು. ಐವತ್ತೇಳನೇ ಇಸವಿಯದಂತೆ. ಗೇರಿನ ಕೋಲನ್ನು ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ ಎಂದು ತೋರಿಸಿ, ಅಂಗೈಯಿಂದ ನಿಧಾನಕ್ಕೆ ಒತ್ತಿದರು. ಇಂಜಿನ್ ಒಳಗೆ ಏನೋ ನಿಟ್ಟುಸಿರು ಬಿಟ್ಟಿತು.

"ಇಂಜಿನ್ ಜಾಮ್ ಆಗಿಲ್ಲ! ವ್ಲಾಸ್ತಾ, ಇದು ಸತ್ತಿಲ್ಲ, ಮಲಗಿದೆ."

"ಕಾಗದಪತ್ರ ಒಂದೂ ಇಲ್ಲ, ಮಾಮ."

"ಕಾಗದ ಇಲ್ಲದ ಗಾಡಿಗೆ ಒಂದೇ ದಾರಿ. ಹಳೇ ಗಾಡಿ ಸಂಘದವರ ಪರೀಕ್ಷೆ. ಪಾಸಾದ್ರೆ ಐತಿಹಾಸಿಕ ವಾಹನ ಅಂತ ಬರ್ಕೊಡ್ತಾರೆ. ಹಸಿರು ಅಕ್ಷರದ ನಂಬರ್ ಪ್ಲೇಟ್ ಸಿಗುತ್ತೆ."

"ಪಾಸಾಗದಿದ್ರೆ?"

"ಕೋಳಿ ಸಾಕು."

ನನ್ನ ಯೋಚನೆ ಇಷ್ಟೇ. ಪ್ಲೇಟ್ ಬಂದ ಮರುದಿನ ಮಾರಿ ಒಂದು ಏಣಿ ಕೊಳ್ಳುವುದು. ಅಂಥ ಗಾಡಿಗೆ ನಗರದವರು ಹುಚ್ಚರ ಹಾಗೆ ಓಡಿ ಬರುತ್ತಾರಂತೆ.

ಮಾರ್ಚ್ 10, ಭಾನುವಾರ

137. ಇಡೀ ದಿನ ಮಳೆ. ಇವೆತಾ ಕೂದಲಿಗೆ ಹೊಸ ಬಣ್ಣ ಹಾಕಿಸಿದ್ದಾಳೆ ಎಂದು ಚರ್ಚಿನ ಹತ್ತಿರ ಇಬ್ಬರು ಹೇಳಿದರು. ಕೇಳಿರಲಿಲ್ಲ ನಾನು.

ಮಾರ್ಚ್ 24, ಭಾನುವಾರ

151. ಕಾರ್ಬೊರೇಟರ್ ಬಿಚ್ಚಿ ವಿನೆಗರ್ ನೀರಲ್ಲಿ ಕುದಿಸಿದೆ. ಮಾಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪಾತ್ರೆಯೊಳಗೆ ಇಣುಕಿ, "ಉಪ್ಪು ಸಾಲದು" ಎಂದರು. ಒಳಗೆ ಕೂದಲೆಳೆಗಿಂತ ಸಣ್ಣ ತೂತುಗಳಿವೆ. ಪೆಟ್ರೋಲು ಬರುವುದು ಅಲ್ಲಿಂದಲೇ. ಒಂದು ಮುಚ್ಚಿದರೂ ಗಾಡಿ ಕೆಮ್ಮುತ್ತದಂತೆ. ಇನ್ನೂರು ಜನರ ಸಾಸಿನಲ್ಲಿ ಒಂದು ಗಂಟನ್ನು ದೂರದಿಂದಲೇ ಗುರುತಿಸುವವಳು ನಾನು, ಈ ತೂತು ಯಾವ ಲೆಕ್ಕ? ನಾಲ್ಕೂ ಸ್ವಚ್ಛ ಮಾಡಿದೆ.

ಬಲ್ಬ್ ಬದಲಾಯಿಸಲೂ ನನಗೆ ಬರುವುದಿಲ್ಲ ಎಂದು ಲೂಬೊಶ್ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಯಾಕೆ ನಗುತ್ತಿದ್ದೆನೋ.

ಏಪ್ರಿಲ್ 7, ಭಾನುವಾರ

165, ಅಥವಾ 166.

ಸ್ಟಾರ್ಟ್ ಆಯಿತು!!!

ಇಪ್ಪತ್ತೆರಡನೇ ಕಿಕ್ಕಿಗೆ. ಮೊದಲು ಒಂದು ಢಂ, ಆಮೇಲೆ ಕೊಟ್ಟಿಗೆ ತುಂಬ ನೀಲಿ ಹೊಗೆ. ಆ ಹೊಗೆಯೊಳಗಿಂದ ಡುಗು ಡುಗು ಡುಗು. ಮಾಮ ಟೋಪಿ ತೆಗೆದು ಎದೆಗೆ ಒತ್ತಿ ನಿಂತುಬಿಟ್ಟರು. ನಾನು ಕಿರುಚುತ್ತಿದ್ದೆನಂತೆ, ನನಗೆ ಕೇಳಿಸಲಿಲ್ಲ. ಆಚೆಮನೆಯವರು ಒಣಹಾಕಿದ್ದ ಬಿಳಿ ಹೊದಿಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ನಾಳೆ ನಾನು ಒಗೆದು ಕೊಡಬೇಕು. ಒಗೆಯುತ್ತೇನೆ, ಸಂತೋಷದಿಂದ ಒಗೆಯುತ್ತೇನೆ.

ಏಪ್ರಿಲ್ 22, ಈಸ್ಟರ್ ಸೋಮವಾರ

ಬೆಳಿಗ್ಗೆ ಏಳಕ್ಕೇ ಮಾಮ ವಿಲೋ ಮರದ ಕಡ್ಡಿಗಳಿಂದ ಹೆಣೆದ ಬರಲು ಹಿಡಿದು ಬಾಗಿಲು ತಟ್ಟಿದರು. ಈಸ್ಟರ್ ಸಂಪ್ರದಾಯದಂತೆ ನನ್ನ ಕಾಲಿಗೆ ಮೂರು ಏಟು ಮುಟ್ಟಿಸಿ, "ವರ್ಷವೆಲ್ಲ ಒಣಗದೆ ಇರು" ಎಂದರು. ಬಣ್ಣದ ಮೊಟ್ಟೆ ಕೊಟ್ಟೆ, ಒಂದು ಗುಟುಕು ಸಾರಾಯಿ ಸುರಿದೆ. ಅವರು ಜೇಬಿನಿಂದ ಹಳೇ ಹಾರ್ನ್ ತೆಗೆದು ಮೇಜಿನ ಮೇಲಿಟ್ಟರು. ಆ ಮಾದರಿಯದೇ, ಎಲ್ಲಿಂದ ತಂದರೋ ಹೇಳಲಿಲ್ಲ.

ಮಧ್ಯಾಹ್ನ ಹಿತ್ತಿಲಲ್ಲಿ ಓಡಿಸಿದೆ. ಹದಿನೆಂಟನೇ ವಯಸ್ಸಿನಲ್ಲಿ ತೆಗೆದ ಲೈಸೆನ್ಸು ನನ್ನ ಬಳಿ ಇದೆ. ಆದರೆ ಆಗ ಓಡಿಸಿದ ಬೈಕಿಗೆ ಪಕ್ಕದಲ್ಲಿ ತೊಟ್ಟಿ ಇರಲಿಲ್ಲ. ಗ್ಯಾಸ್ ಕೊಟ್ಟರೆ ಗಾಡಿ ಬಲಕ್ಕೆ ಎಳೆಯುತ್ತದೆ, ಬಿಟ್ಟರೆ ಎಡಕ್ಕೆ. "ಗಂಡನ ಥರ ಹಿಡೀಬೇಡ, ಹಸು ಥರ ಹಿಡಿ!" ಎಂದು ಮಾಮ ಕೂಗಿದರು. ನಾನು ಬಿದ್ದು ಬಿದ್ದು ನಗುತ್ತಾ ನೇರ ಗೊಬ್ಬರದ ಗುಂಡಿಗೆ ಹೋದೆ. ಗಾಡಿಗೆ ಏನೂ ಆಗಲಿಲ್ಲ. ಗೊಬ್ಬರಕ್ಕೂ.

ಸಂಜೆ ಲೆಕ್ಕ ಹಾಕಲು ಕೂತೆ. ಎಷ್ಟನೇ ದಿನ ಎಂದು ತಿಳಿಯಬೇಕಾದರೆ ಕ್ಯಾಲೆಂಡರ್ ತರಬೇಕು. ಕ್ಯಾಲೆಂಡರ್ ಕೊಟ್ಟಿಗೆಯಲ್ಲಿದೆ, ಅದರ ಮೇಲೆ ಕ್ಲಚ್ಚಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದೇನೆ.

ಮೇ 11, ಶನಿವಾರ

ಪರೀಕ್ಷೆ. ಫೇಲು.

ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಒಂಬತ್ತು ಗಾಡಿಗಳಿದ್ದವು. ಪರೀಕ್ಷಾ ಸಮಿತಿಯಲ್ಲಿ ಮೂವರು. ಇಬ್ಬರು ಒಂದೇ ಥರದ ಜಾಕೆಟ್ ಹಾಕಿಕೊಂಡು ಎಲ್ಲದಕ್ಕೂ ಒಟ್ಟಿಗೆ ತಲೆಯಾಡಿಸುತ್ತಾರೆ. ಮೂರನೆಯವರು ಅಧ್ಯಕ್ಷರು, ಇಂಜಿನಿಯರ್ ಓಟಕರ್ ಹ್ರೂಬೆಶ್. ಅರವತ್ತರ ಆಸುಪಾಸು, ನೂರು ಕಿಲೋ ಮೈ, ಕುತ್ತಿಗೆಯಲ್ಲಿ ಭೂತಗನ್ನಡಿ. ನನ್ನ ಮುಂದಿನವನ ಗಾಡಿಯಲ್ಲಿ ಎರಡು ತಿರುಪು ಈಗಿನ ಕಾಲದವು ಎಂದು ವಾಪಸ್ ಕಳಿಸಿದರು.

ನನ್ನ ಜಾವಾ ಸುತ್ತ ಮೂರು ಸುತ್ತು ಬಂದರು. ಪಕ್ಕದಲ್ಲೇ ಮಲಗಿ ಕೆಳಗೆ ಟಾರ್ಚ್ ಬಿಟ್ಟರು. ಟ್ಯಾಂಕಿನ ಕೆಂಪು ಬಣ್ಣ ಸರಿ. ಸೀಟು ಸರಿ. ಹಾರ್ನ್ ನೋಡಿ, "ಓಹೋ!" ಎಂದರು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಮೇಲೆ ಬಲಗಡೆಗೆ ಬಂದರು.

"ಇದೇನಿದು?"

"ಸೈಡ್‌ಕಾರ್, ಇಂಜಿನಿಯರ್ ಸಾಹೇಬ್ರೇ."

"ಯಾವ ಕಾರ್ಖಾನೇದು?"

"ಗೊತ್ತಿಲ್ಲ."

"ನಂಗೊತ್ತು. ಯಾವ ಕಾರ್ಖಾನೇದೂ ಅಲ್ಲ. ಹಂದಿ ಮೇವಿನ ತೊಟ್ಟಿಗೆ ಚಕ್ರ ಇಟ್ಟಿದಾರೆ. ಇಷ್ಟುದ್ದ ಯಾರಾದ್ರೂ ಮಾಡ್ತಾರಾ? ಯಾರೋ ಮನೇಲಿ ಬೆಸುಗೆ ಹಾಕಿದಾರೆ, ಈಗೊಂದು ಇಪ್ಪತ್ತು ವರ್ಷದ ಹಿಂದೆ."

ಮಾಮ ನಡುವೆ ಬಾಯಿ ಹಾಕಿದರು. "ಬೆಸುಗೆ ಹಳೇದು ಕಣಪ್ಪಾ. ನಲವತ್ತು ವರ್ಷ ಬೆಸುಗೆ ಹಾಕಿದೀನಿ ನಾನು."

"ಆಗಿನ ಕಾಲದ್ದೇ ಅಂತ ಸಾಬೀತು ಮಾಡಿ, ಬರ್ಕೊಳ್ತೀನಿ. ಫೋಟೋ, ಕಾಗದ, ಏನಾದ್ರೂ. ಇಲ್ಲಾಂದ್ರೆ ತೊಟ್ಟಿ ಬಿಚ್ಚಾಕಿ ಬೈಕ್ ಮಾತ್ರ ತನ್ನಿ, ಕಣ್ಮುಚ್ಚಿ ಪಾಸು. ಜೂನ್ ಎಂಟಕ್ಕೆ ಇನ್ನೊಂದು ಸಲ ಕೂರ್ತೀವಿ. ಅದು ತಪ್ಪಿದ್ರೆ ಅಕ್ಟೋಬರ್."

ಜಾಕೆಟ್ಟಿನವರಿಬ್ಬರೂ ತಲೆಯಾಡಿಸಿದರು.

ಮೇ 13, ಸೋಮವಾರ

ಬಿಚ್ಚುವುದೆಂದೇ ತೀರ್ಮಾನಿಸಿದ್ದೆ. ನಾಲ್ಕು ಬೋಲ್ಟು, ಅರ್ಧ ಗಂಟೆಯ ಕೆಲಸ. ಸ್ಪ್ಯಾನರ್ ಹಿಡಿದು ಕೂತರೆ ಸೈಡ್‌ಕಾರಿನ ಮೂತಿಯ ಹತ್ತಿರ ನೀಲಿ ಬಣ್ಣ ಸಿಪ್ಪೆಯ ಹಾಗೆ ಎದ್ದಿತ್ತು. ಎದ್ದ ಸಿಪ್ಪೆ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಸ್ವಲ್ಪ ಎಳೆದೆ. ಕೆಳಗೆ ಬಿಳಿ ಬಣ್ಣ. ಇನ್ನಷ್ಟು ಎಳೆದೆ. ಕೆಂಪು ಗೆರೆ. ಪಾತ್ರೆ ಕೆರೆಯುವ ಚಪ್ಪಟೆ ಸೌಟು ತಂದು ಹುಷಾರಾಗಿ ಕೆರೆಯುತ್ತಾ ಹೋದೆ. ಕೆಂಪು ಶಿಲುಬೆ ಬಂತು. ಅದರ ಕೆಳಗೆ ಬ್ರಷ್ಷಿನಲ್ಲಿ ಬರೆದ ಓರೆಕೋರೆ ಅಕ್ಷರ: 'ಹೆರಿಗೆ ಸೇವೆ'.

ಮಾಮನನ್ನು ಕೂಗಿದೆ. ಬಂದು ನೋಡಿದರು, ಮೂಗು ಒರೆಸಿಕೊಂಡರು.

"ಅದಕ್ಕೇ ಇಷ್ಟುದ್ದ," ಎಂದರು. "ಮಲಗೋಕೆ."

ಸ್ಪ್ಯಾನರ್ ಎತ್ತಿಟ್ಟೆ.

ಮೇ 14, ಮಂಗಳವಾರ

ದಿನಾ ಹನ್ನೊಂದಕ್ಕೆ, ಮಕ್ಕಳಿಗಿಂತ ಮೊದಲು, ಊರಿನ ವಯಸ್ಸಾದವರು ಕ್ಯಾರಿಯರ್ ಹಿಡಿದು ನಮ್ಮ ಅಡುಗೆಮನೆಗೆ ಊಟ ಒಯ್ಯಲು ಬರುತ್ತಾರೆ. ಇವತ್ತು ಒಂದೊಂದು ಕ್ಯಾರಿಯರಿಗೂ ಗೌಲಾಶ್ ಎಂಬ ಮಾಂಸದ ಸಾರು ಹಾಕುತ್ತಾ ಕೇಳಿದೆ. "ಹಿಂದೆ ಇಲ್ಲಿ ಮೋಟರ್‌ಸೈಕಲ್ ಮೇಲೆ ಬರ್ತಿದ್ದ ಸೂಲಗಿತ್ತಿ ಯಾರಾದ್ರೂ ಇದ್ರಾ?"

ಸಾಲು ನಿಂತುಬಿಟ್ಟಿತು.

"ಅಪೊಲೆನಾ!" ಎಂದರು ಮೊದಲನೆಯವರು.

"ಅಪೊಲೆನಾ ಅತ್ತೆ!" ಎಂದರು ಹಿಂದಿನ ಅಜ್ಜಿ. "ನನ್ನ ಮೂರು ಮಕ್ಕಳನ್ನೂ ಅವಳೇ ಹಿಡಿದದ್ದು. ಏನು ಬಾಯಿ ಅವಳದು! ನನ್ನ ಗಂಡ ತಲೆ ಸುತ್ತಿ ಬಿದ್ದಾಗ ಅವನನ್ನ ದಾಟ್ಕೊಂಡೇ ಓಡಾಡಿದ್ಲು."

"ಅವರು ತೀರಿಕೊಂಡು ಎಷ್ಟು ವರ್ಷ ಆಯ್ತು?" ಎಂದೆ.

"ಯಾರು ಹೇಳಿದ್ದು ನಿಂಗೆ? ಬೆಟ್ಟದ ಮೇಲಿನ ವೃದ್ಧಾಶ್ರಮದಲ್ಲಿದಾಳೆ. ಮೊನ್ನೆ ತಾನೆ ಇಸ್ಪೀಟಲ್ಲಿ ನನ್ನ ಸೋಲಿಸಿದ್ಲು."

ಇಷ್ಟರಲ್ಲಿ ಗೌಲಾಶ್ ತಳ ಹಿಡಿಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಯಾರೂ ಬೈಯಲಿಲ್ಲ.

ಮೇ 19, ಭಾನುವಾರ

ಉದ್ದಕ್ಕೆ ಬರೆಯುತ್ತೇನೆ, ಒಂದೂ ಮರೆಯಬಾರದು.

ಅಪೊಲೆನಾಗೆ ತೊಂಬತ್ತೆರಡು. ವೃದ್ಧಾಶ್ರಮದ ಕೋಣೆಯಲ್ಲಿ ಕಿಟಕಿಯ ಹತ್ತಿರ ಕೂತು ಪದಬಂಧ ತುಂಬುತ್ತಿದ್ದರು. ನಾನು ಒಯ್ದಿದ್ದ ಗಸಗಸೆ ಕೇಕು ಮೊದಲು ತಿಂದರು, ಆಮೇಲೆ ಮಾತು.

"ಯಾರ ಮಗಳು ನೀನು?"

ಅಮ್ಮನ ಹೆಸರು ಹೇಳಿದೆ.

"ನೀನು ನನ್ನ ಕೈಯಲ್ಲಿ ಹುಟ್ಟಿಲ್ಲ. ಆಗ ದೊಡ್ಡಾಸ್ಪತ್ರೆ ಬಂದಿತ್ತು. ಅದಕ್ಕೇ ಇಷ್ಟು ಗಾಬರಿ ಮುಖ."

ಫೋನಿನಲ್ಲಿ ಗಾಡಿಯ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬೆರಳು ಸೈಡ್‌ಕಾರಿನ ಮೇಲೆ ಹೋಯಿತು.

"ನಮ್ಮಣ್ಣ ಮಾಡಿದ್ದು. ತಗಡಿನ ಕೆಲಸದವನು. ಐವತ್ತೆಂಟರಲ್ಲಿ. ಮೂವತ್ತೊಂದು ಹಳ್ಳಿ ನನ್ನ ಪಾಲಿಗೆ, ಗಾಡಿ ಮಾತ್ರ ಕೊಟ್ರು. ಬಸುರಿ ಹೆಂಗಸನ್ನ ಹಿಂದೆ ಕೂರಿಸ್ಕೊಂಡು ಆಸ್ಪತ್ರೆಗೆ ಹೋಗೋಕಾಗುತ್ತಾ? ಅಣ್ಣಂಗೆ ಹೇಳ್ದೆ, ಮಲಗೋ ಹಾಗೆ ಮಾಡು, ತೊಳಿಯೋಕೂ ಸುಲಭ ಆಗ್ಬೇಕು ಅಂತ."

"ಫೋಟೋ ಇದೆಯಾ, ಅಜ್ಜಿ? ಆಗಿನದ್ದು?"

"ಫೋಟೋ? ಎರಡೂ ಕೈ ತುಂಬಿರ್ತಿತ್ತು, ಫೋಟೋ ಯಾರು ತೆಗೀತಾರೆ?"

ನನ್ನ ಮುಖ ಬಿದ್ದದ್ದು ಕಂಡಿತೇನೋ. ಬೀರು ತೋರಿಸಿ, ಕೆಳಗಿನ ಖಾನೆಯಿಂದ ಮೇಣಬಟ್ಟೆ ಸುತ್ತಿದ ದಪ್ಪ ಪುಸ್ತಕ ತೆಗೆಸಿದರು. ಪ್ರತಿ ಹೆರಿಗೆಯೂ ಅದರಲ್ಲಿದೆ. ತಾರೀಕು, ಗಂಟೆ, ಜಾಗ, ತೂಕ, ಹೆಸರು. ಒಂದು ಸಾವಿರದ ನಾನೂರಕ್ಕೂ ಹೆಚ್ಚು.

"ಗಾಡೀಲೇ ಹುಟ್ಟಿದ್ದು ಮೂರು. ಎರಡು ಹೆಣ್ಣು, ಒಂದು ಗಂಡು. ಐವತ್ತೊಂಬತ್ತು, ಅರವತ್ತೊಂದರ ಹಾಳೆ ನೋಡು."

ಹುಡುಕಿದೆ. ಸಿಕ್ಕಿತು. ಅವರ ಪುಟ್ಟ, ನೆಟ್ಟಗಿನ ಅಕ್ಷರ: '1959 ನವೆಂಬರ್ 14. ಮಧ್ಯಾಹ್ನ 4.40. ಓಲೆಶ್ನಾ ರಸ್ತೆ, ಸೈಡ್‌ಕಾರ್‌ನಲ್ಲಿ. ಮೊದಲ ಹಿಮ. ಗಂಡು, 4 ಕಿಲೋ 200. ಪೃಷ್ಠ ಮುಂದಾಗಿ. ತಾಯಿ ಕ್ಷೇಮ. ಹ್ರೂಬೆಶ್, ಓಟಕರ್.'

ಮೊದಲು ನಗು ಮೂಗಿನಿಂದ ಬಂತು, ಆಮೇಲೆ ತಡೆಯಲಾಗಲಿಲ್ಲ. ಅತ್ತೆನೋ ನಕ್ಕೆನೋ, ನರ್ಸು ಓಡಿ ಬಂದಳು. ಅಪೊಲೆನಾ ಪೆನ್ಸಿಲಿನಿಂದ ನನ್ನ ಮಂಡಿಗೆ ಕುಟ್ಟಿದರು. "ಏನಾಯ್ತು ಹೇಳೇ!"

ಹೇಳಿದೆ, ಸಮಿತಿ, ಭೂತಗನ್ನಡಿ, ಹಂದಿ ಮೇವಿನ ತೊಟ್ಟಿ, ಎಲ್ಲ.

ಅವರು ನಗಲಿಲ್ಲ. ನೆಟ್ಟಗೆ ಕೂತರು.

"ಅಂದ್ರೆ, ನಾನು ಹೊರಗೆ ಎಳೆದ ಹುಡುಗ ನನ್ನ ಗಾಡೀನ ಒಳಗೆ ಬಿಡ್ತಿಲ್ವಾ?"

ಮೇ 21, ಮಂಗಳವಾರ

ಎರಡು ದಿನ ಯೋಚಿಸಿದೆ. ಜನರ ಮುಂದೆ ಇದನ್ನು ಹೇಳುವುದು ಸರಿಯಲ್ಲ. ಜನ ಚಪ್ಪಲಿ ನೋಡುತ್ತಾ ಮಾತಾಡುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಹ್ರೂಬೆಶ್ ಅವರಿಗೆ ಫೋನ್ ಮಾಡಿದೆ.

"ಸೈಡ್‌ಕಾರ್ ವಿಷಯ, ಸಾಹೇಬ್ರೇ. ನೀವೊಬ್ಬರೇ ಇದ್ದಾಗ ಮಾತಾಡ್ಬೇಕಿತ್ತು."

"ವ್ಲಾಸ್ತಾ ಕೌಬ್ಕೋವಾ ಅವರೇ, ಪರೀಕ್ಷಕರ ಜೊತೆ ಖಾಸಗಿಯಾಗಿ ಮಾತಾಡೋ ಪದ್ಧತಿ ಇಲ್ಲ. ಏನಿದ್ರೂ ಸಮಿತಿ ಮುಂದೆ."

"ಸ್ವಲ್ಪ ಮನೆ ವಿಷಯದ ಥರ..."

"ಸಮಿತಿ ಮುಂದೆ."

ಆಗಲಿ. ನಾನಂತೂ ಹೇಳಿ ನೋಡಿದೆ.

ಮೇ 30, ಗುರುವಾರ

ಕ್ಲಚ್ ಸರಿಮಾಡುತ್ತಿದ್ದಾಗ ಫೋನ್ ಬಂತು. ಇಂಜಿನ್ ಓಡುತ್ತಿತ್ತು, ಕೈಯೆಲ್ಲ ಎಣ್ಣೆ.

"ನಾನು," ಎಂದಿತು ಧ್ವನಿ.

"ಯಾವ ನಾನು?"

"ವ್ಲಾಸ್ತಾ! ನಾನು ಕಣೇ!"

ಲೂಬೊಶ್ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಾಡುತ್ತೇನೆ ಎಂದೆ. ಈಗ ಬರೆಯುವಾಗ ನೆನಪಾಯಿತು, ಮಾಡಲೇ ಇಲ್ಲ. ನಾಳೆ ನೋಡೋಣ. ಕ್ಲಚ್ ಇನ್ನೂ ಎಳೆಯುತ್ತಿದೆ, ತಂತಿ ಒಂದು ಸುತ್ತು ಬಿಗಿ ಬೇಕು.

ಜೂನ್ 8, ಶನಿವಾರ

ಅಪೊಲೆನಾ ಬೆಳಿಗ್ಗೆ ಆರಕ್ಕೇ ತಯಾರಾಗಿ ಆಶ್ರಮದ ಮೆಟ್ಟಿಲ ಮೇಲೆ ಕೂತಿದ್ದರಂತೆ. ಕಪ್ಪು ಕೋಟು, ಎದೆಗೆ ಯಾವುದೋ ಹಳೇ ಪದಕ, ಮಡಿಲಲ್ಲಿ ಪುಸ್ತಕ. ಮಾಮ ತಮ್ಮ ಕಾರಿನಲ್ಲಿ ಕರೆತಂದರು. ಕಾರು ಗಂಟೆಗೆ ನಲವತ್ತು ದಾಟಲಿಲ್ಲ ಎಂದು ಅಪೊಲೆನಾ ದಾರಿಯುದ್ದಕ್ಕೂ ಬೈದರಂತೆ.

ಅಂಗಳದಲ್ಲಿ ಐವತ್ತು ಜನ. ನನ್ನ ಸರದಿ ಬಂತು. ಹ್ರೂಬೆಶ್ ಸೈಡ್‌ಕಾರ್ ನೋಡಿ ನಿಟ್ಟುಸಿರು ಬಿಟ್ಟರು. ನೀಲಿ ಬಣ್ಣವನ್ನೆಲ್ಲ ತೆಗೆದಿದ್ದೆ. ಬಿಳಿಯ ಮೇಲೆ ಕೆಂಪು ಶಿಲುಬೆ ನಿಂತಿತ್ತು.

"ಅಕ್ಷರ ಯಾರು ಬೇಕಾದ್ರೂ ಬರೀಬಹುದು. ಸಾಕ್ಷಿ?"

"ಇದ್ದಾರೆ, ಸಾಹೇಬ್ರೇ. ಆದ್ರೆ ಒಂದ್ನಿಮಿಷ ಆ ಕಡೆಗೆ..."

"ಸಮಿತಿ ಮುಂದೆ," ಎಂದರು ಮೂರನೇ ಸಲ.

ಅಪೊಲೆನಾ ಮಾಮನ ತೋಳು ಬಿಟ್ಟು ಕೋಲೂರುತ್ತಾ ಬಂದರು. ಹ್ರೂಬೆಶ್ ಅವರ ಎದುರು ನಿಂತು, ಮುಖವನ್ನು ಆ ಕಡೆ ಈ ಕಡೆಯಿಂದ ನೋಡಿದರು.

"ಅಮ್ಮನ ಹಣೆ, ಅಪ್ಪನ ಕಿವಿ. ಓಟಾ, ನನ್ನ ಗುರುತು ನಿಂಗಿಲ್ಲ. ಇರೋಕೂ ಸಾಧ್ಯ ಇಲ್ಲ. ನಾನು ಮೊದಲು ನೋಡಿದ್ದೂ ನಿನ್ನ ಮುಖ ಅಲ್ಲ."

ಪುಸ್ತಕವನ್ನು ಸೈಡ್‌ಕಾರಿನ ಮೂತಿಯ ಮೇಲೆ ಬಿಚ್ಚಿಟ್ಟು, ಬೆರಳಿಟ್ಟು ತೋರಿಸಿದರು.

ಹ್ರೂಬೆಶ್ ಭೂತಗನ್ನಡಿ ಎತ್ತಿಕೊಂಡರು. ಓದಿದರು. ಮತ್ತೆ ಓದಿದರು. ಕಿವಿಗಳು ಟ್ಯಾಂಕಿನ ಬಣ್ಣಕ್ಕೆ ಬಂದವು. ಹಿಂದಿನಿಂದ ಯಾರೋ "ಏನಂತೆ?" ಎಂದರು, ಮತ್ಯಾರೋ ಬಗ್ಗಿ ಓದಿ ಗಟ್ಟಿಯಾಗಿ ಹೇಳಿಬಿಟ್ಟರು. ಅಂಗಳವೆಲ್ಲ ನಗುವಿನ ಅಲೆ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಹ್ರೂಬೆಶ್ ಮಾತ್ರ ಯಾರನ್ನೂ ನೋಡಲಿಲ್ಲ. ಟೋಪಿ ತೆಗೆದರು. ಸೈಡ್‌ಕಾರಿನ ಒಳಗೆ ಕೈಬಿಟ್ಟು ತಗಡನ್ನು ಸವರಿದರು, ಕುದುರೆಯ ಕುತ್ತಿಗೆ ಸವರುವ ಹಾಗೆ.

"ನನ್ನ ಜನನಪತ್ರದಲ್ಲಿ ಊರಿನ ಜಾಗದಲ್ಲಿ 'ರಸ್ತೆ' ಅಂತಿದೆ," ಎಂದರು ನಿಧಾನವಾಗಿ. "ಅಮ್ಮನ್ನ ಕೇಳಿದ್ರೆ, 'ನೀನು ದಾರೀಲಿ ಸಿಕ್ಕಿದೆ' ಅಂತಿದ್ರು. ಸ್ಕೂಲಲ್ಲಿ ಹುಡುಗರು ಅದನ್ನೇ ಹಿಡ್ಕೊಂಡು ಆಡ್ಕೊಳ್ತಿದ್ರು. ನಾನು ನಿಜಕ್ಕೂ ದಾರೀಲಿ ಸಿಕ್ಕಿದವನು ಅಂತ ಹತ್ತು ವರ್ಷದವರೆಗೂ ಅಂದ್ಕೊಂಡಿದ್ದೆ."

ನಗು ನಿಂತಿತು.

"ನಿಮ್ಮಮ್ಮ ಮೂರು ಗಂಟೆ ಕಷ್ಟಪಟ್ಲು, ಒಂದು ಸಲ ಕಿರುಚ್ಲಿಲ್ಲ," ಎಂದರು ಅಪೊಲೆನಾ. "ನನ್ನ ಕೋಟಲ್ಲೇ ನಿನ್ನ ಸುತ್ತಿದ್ದು. ಆಮೇಲೆ ಕೋಟು ಬಿಸಾಡ್ಬೇಕಾಯ್ತು."

ಹ್ರೂಬೆಶ್ ಜಾಕೆಟ್ಟಿನವರ ಕಡೆ ತಿರುಗಿದರು. "ಸೈಡ್‌ಕಾರ್ ಐವತ್ತೊಂಬತ್ತಕ್ಕೆ ಮೊದಲಿನದು, ಸಾಬೀತಾಗಿದೆ. ಆದ್ರೆ ನಾನು ಸಹಿ ಹಾಕೋ ಹಾಗಿಲ್ಲ. ನಾನು ಈ ಪ್ರಕರಣದಲ್ಲಿ ಸಾಕ್ಷಿ. ನೀವಿಬ್ರು ಹಾಕಿ."

ಅವರು ಒಟ್ಟಿಗೆ ತಲೆಯಾಡಿಸಿದರು, ಒಟ್ಟಿಗೆ ಸಹಿ ಹಾಕಿದರು.

"ಇನ್ನೊಂದು," ಎಂದರು ಹ್ರೂಬೆಶ್, ನಾನು ಕುಣಿಯುವ ಮೊದಲೇ. "ಹಿಂದಿನ ದೀಪದ ಗಾಜು ತಪ್ಪು ಮಾದರಿ. ವಾರದೊಳಗೆ ಬದಲಾಯಿಸಿ ತಂದು ತೋರಿಸ್ಬೇಕು."

ಜೂನ್ 13, ಗುರುವಾರ

ಲೂಬೊಶ್ ಬಂದಿದ್ದ. ಹೆಂಡದಂಗಡಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಾನೆ.

"ಅದು ನಾನು ತಂದ ಗಾಡಿ, ವ್ಲಾಸ್ತಾ. ನನ್ನ ಸಾರಾಯಿ ಕೊಟ್ಟು."

ಕೈ ಬಿಡುವಿರಲಿಲ್ಲ, ಕಾಗದ ಅಡುಗೆಮನೆಯ ಡ್ರಾಯರಿನಲ್ಲಿದೆ, 'ಸಮಸ್ತ' ಅನ್ನುವ ಶಬ್ದ ಓದಿಕೊಂಡು ಬಾ ಎಂದೆ. ಹೋಗಿ ಓದಿಕೊಂಡು ಬಂದ. ಆಮೇಲೆ ಸುಮ್ಮನೆ ನಿಂತಿದ್ದ. ನಿಂತೇ ಇದ್ದಾನಲ್ಲ ಎಂದು ಟಾರ್ಚ್ ಕೊಟ್ಟೆ. ಹಿಂದಿನ ದೀಪದ ಹೊಸ ಗಾಜು ಕೂರಿಸುತ್ತಿದ್ದೆ.

"ನೀನು ಬದಲಾಗಿದೀಯಾ," ಎಂದ.

"ಬೆಳಕು ಸ್ವಲ್ಪ ಎಡಕ್ಕೆ," ಎಂದೆ.

ಗಾಜು ಸರಿಯಾಗಿ ಕೂತಿತು, ರಬ್ಬರ್ ಸಮೇತ. ತಿರುಗಿ ನೋಡಿದರೆ ಟಾರ್ಚ್ ಕಿಟಕಿಯ ಮೇಲಿತ್ತು, ಅವನು ಹೋಗಿದ್ದ. ಇವೆತಾ ಬಗ್ಗೆ ಕೇಳುವುದೇ ಮರೆತೆ.

ಜೂನ್ 20, ಗುರುವಾರ

ಸಿಕ್ಕಿತು. ಬಿಳಿ ತಗಡು, ಹಸಿರು ಅಕ್ಷರ. ಕಚೇರಿಯ ಹುಡುಗಿ ಕಿಟಕಿಯಿಂದ ಚಾಚಿದಾಗ ನಾನು ಎರಡು ಕೈಯಲ್ಲಿ ತೆಗೆದುಕೊಂಡೆ. ನಗರದ ಒಬ್ಬನಿಗೆ ಸಂಘದವರು ನನ್ನ ನಂಬರ್ ಕೊಟ್ಟಿದ್ದರಂತೆ, ಬಸ್ಸಿನಲ್ಲಿದ್ದಾಗ ಫೋನ್ ಮಾಡಿ 'ಮಾರ್ತೀರಾ?' ಎಂದ. 'ಏನನ್ನ?' ಎಂದೆ.

ಮಾಮ ಪ್ಲೇಟನ್ನು ಅಳತೆಪಟ್ಟಿ ಇಟ್ಟು ಕೂರಿಸಿದರು. ನೆಟ್ಟಗಿದೆಯಾ ಎಂದು ರಸ್ತೆಯಾಚೆ ಹೋಗಿ ನೋಡಿದರು. ನಾಲ್ಕು ಸಲ.

ಜೂನ್ 23, ಭಾನುವಾರ

ಓಲೆಶ್ನಾ ಊರು ದಾಟಿ ಓಲೆಶ್ನಾ ರಸ್ತೆಗೆ ಹೋಗಿದ್ದೆವು. ಅಪೊಲೆನಾ ಸೈಡ್‌ಕಾರಿನಲ್ಲಿ ಎರಡು ದಿಂಬು, ಒಂದು ಹೊದಿಕೆ, ಮಾಮನ ಹಳೇ ಹೆಲ್ಮೆಟ್ಟಿನೊಂದಿಗೆ. ಹಿಂದೆ ಮಾಮನ ಕಾರಿನಲ್ಲಿ ಹ್ರೂಬೆಶ್. ಅವರೇ ಫೋನ್ ಮಾಡಿ ಕೇಳಿದ್ದರು, "ಅಪೊಲೆನಾ ಅವರಿಗೆ ಆ ಜಾಗ ನೆನಪಿರಬಹುದಾ?" ಎಂದು. ಒಬ್ಬರೇ ಇದ್ದಾಗ ಮಾತಾಡಿದರು, ಸಮಿತಿ ಇರಲಿಲ್ಲ.

ಎರಡೂ ಕಡೆ ಆಲೂಗಡ್ಡೆ ಹೂಬಿಟ್ಟಿತ್ತು. ಏರಿನಲ್ಲಿ ಗೇರ್ ಇಳಿಸಿದಾಗಲೆಲ್ಲ ಅಪೊಲೆನಾ "ಈಗಲ್ಲ, ಈಗ!" ಎಂದು ನನ್ನ ಮಂಡಿಗೆ ಬಡಿಯುತ್ತಿದ್ದರು. ಮೂರನೇ ತಿರುವಿನಲ್ಲಿ ಕೈ ಎತ್ತಿದರು. ನಿಲ್ಲಿಸಿದೆ.

ಒಂದು ಬಸ್ ನಿಲ್ದಾಣ, ತಗಡಿನ ಛಾವಣಿ, ಕಸದ ಬುಟ್ಟಿ. ಅಷ್ಟೇ. ಹ್ರೂಬೆಶ್ ಕಾರಿನಿಂದಿಳಿದು ಬಂದರು. ಭಾನುವಾರದ ಕೋಟು ಹಾಕಿಕೊಂಡಿದ್ದರು.

"ಇಲ್ಲೇನಾ?"

"ಇಲ್ಲೇ. ಆಗ ಬಸ್ ಸ್ಟಾಪ್ ಇರ್ಲಿಲ್ಲ."

ಅವರು ಸುತ್ತ ನೋಡಿದರು. ಹೊಲ, ತಂತಿಕಂಬ, ದೂರದಲ್ಲಿ ಚರ್ಚಿನ ತುದಿ.

"ಚೆನ್ನಾಗಿದೆ ಜಾಗ," ಎಂದರು ಕಡೆಗೆ. ಆಮೇಲೆ, "ಇಲ್ಲಿಂದ ಆಸ್ಪತ್ರೆಗೆ ಎಷ್ಟೊತ್ತಿಗೆ ತಲುಪಿದ್ವಿ?"

"ಯಾವ ಆಸ್ಪತ್ರೆ? ಹುಟ್ಟಿ ಆಗಿತ್ತಲ್ಲ! ನಿಮ್ಮಮ್ಮ ಹೇಳಿದ್ಲು, 'ಸಿಸ್ಟರ್, ಒಲೆ ಮೇಲೆ ಸಾರಿಟ್ಟು ಬಂದಿದೀನಿ, ವಾಪಸ್ ಓಲೆಶ್ನಾಗೇ ತಿರುಗಿಸಿ' ಅಂತ. ತಿರುಗಿಸ್ದೆ. ನಿಮ್ಮಪ್ಪ ಬಾಗಿಲಲ್ಲೇ ಕೂತಿದ್ದ, ಇಷ್ಟು ಬೇಗ ಬಂದ್ರಲ್ಲ, ಏನು ಮರೆತು ಹೋದ್ರಿ ಅಂದ."

ಹ್ರೂಬೆಶ್ ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಇಡೀ ಮೈ ನಗುತ್ತದೆ. ಕಣ್ಣೊರೆಸಿಕೊಂಡು, ಗಾಡಿಯ ಕಡೆ ನೋಡಿ, ನನ್ನ ಕಡೆ ನೋಡಿದರು. ಕೇಳಲು ನಾಚಿಕೆ. ಆದರೆ ಅಪೊಲೆನಾಗೆ ಯಾರ ನಾಚಿಕೆಗೂ ಕಾಯುವ ಅಭ್ಯಾಸವಿಲ್ಲ.

"ಅಲೋಯಿಸ್, ನನ್ನ ಎಬ್ಬಿಸು. ನಾನು ನಿನ್ನ ಆಮೆ ಕಾರಲ್ಲೇ ಬರ್ತೀನಿ. ಹತ್ತು, ಓಟಾ. ಈ ಸಲ ಪೃಷ್ಠ ಮುಂದಾಗಿ ಬೇಡ, ಕಾಲು ಮೊದಲು."

ನೂರು ಕಿಲೋ ಹ್ರೂಬೆಶ್ ಕಾಲು ಮೊದಲಿಟ್ಟು ಸೈಡ್‌ಕಾರಿನೊಳಗೆ ಇಳಿದರು. ಸ್ಪ್ರಿಂಗು ಕೀರಲು ಧ್ವನಿ ಹೊರಡಿಸಿ ಒಪ್ಪಿಕೊಂಡಿತು. ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡು, ಟೋಪಿಯನ್ನು ಎದೆಗೆ ಹಿಡಿದುಕೊಂಡು, ಅವರು ಮಲಗಿದ ಹಾಗೆ ಒರಗಿ ಆಕಾಶ ನೋಡಿದರು.

"ಎಲ್ಲಿಗೆ, ಸಾಹೇಬ್ರೇ?" ಎಂದೆ.

"ಓಲೆಶ್ನಾಗೆ," ಎಂದರು. "ಮನೆಗೆ."

ಗಾಡಿಯನ್ನು ರಸ್ತೆಯ ಅಗಲಕ್ಕೂ ತಿರುಗಿಸಿ, ಹಾರ್ನ್ ಹೊಡೆದು ಹೊರಟೆ.